ಐವತ್ತಾರು ತಪ್ಪು ಮಾಡಿದ ಹುಡುಗ

ಬೇಸ್‌ಬಾಲ್ ಸ್ಕೋರ್‌ಬೋರ್ಡನ್ನು ನೀವು ಟೀವಿಯಲ್ಲಾದರೂ ನೋಡಿರುತ್ತೀರಿ. ಎರಡು ತಂಡಗಳ ಹೆಸರು, ಒಂಬತ್ತು ಇನ್ನಿಂಗ್ಸ್‌ಗೆ ಒಂಬತ್ತು ಮನೆ, ಕೊನೆಯಲ್ಲಿ ಮೂರು ಅಕ್ಷರ: ಆರ್, ಎಚ್, ಇ. ಆರ್ ಅಂದರೆ ರನ್ನು, ಎಚ್ ಅಂದರೆ ಹಿಟ್ಟು. ಇ ಅಂದರೆ ಎರರ್. ಅಂದರೆ ತಪ್ಪು! ಗೆದ್ದವರು ಯಾರು ಅಂತ ಹೇಳುವ ಫಲಕದಲ್ಲೇ ಯಾವ ತಂಡ ಎಷ್ಟು ತಪ್ಪು ಮಾಡಿತು ಅನ್ನುವುದನ್ನೂ ಊರಿಗೆಲ್ಲ ಕಾಣುವ ಹಾಗೆ ಬರೆದಿಡುತ್ತಾರೆ.

ಕ್ರಿಕೆಟ್ ನೋಡಿಕೊಂಡು ಬೆಳೆದ ನಮಗೆ ಇದು ವಿಚಿತ್ರ ಅನ್ನಿಸುತ್ತೆ. ನಮ್ಮ ಸ್ಕೋರ್‌ಕಾರ್ಡಿನಲ್ಲಿ ಕ್ಯಾಚ್ ಹಿಡಿದವನ ಹೆಸರಿರುತ್ತದೆ, ಬಿಟ್ಟವನ ಹೆಸರಿರುವುದಿಲ್ಲ. ಬಿಟ್ಟವನನ್ನು ಆ ಸಂಜೆ ಬಯ್ದು ಮರೆತುಬಿಡುತ್ತೇವೆ. ಬೇಸ್‌ಬಾಲಿನಲ್ಲಿ ಮರೆಯುವ ಪ್ರಶ್ನೆಯೇ ಇಲ್ಲ. ತಮಾಷೆ ಏನೆಂದರೆ, ಬೇಸ್‌ಬಾಲಿನ ಈ ಲೆಕ್ಕದ ಪಟ್ಟಿಗೆ 19ನೇ ಶತಮಾನದಲ್ಲಿ ಒಂದು ರೂಪ ಕೊಟ್ಟ ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನಲ್ಲಿ ಹುಟ್ಟಿದವರು, ಅಮೆರಿಕದ ಪತ್ರಿಕೆಗಳಿಗೆ ಮೊದಲು ಕ್ರಿಕೆಟ್ ವರದಿ ಬರೆಯುತ್ತಿದ್ದವರು. ಅಂಥವರು ಬೇಸ್‌ಬಾಲಿಗೆ ಬಂದು ತಪ್ಪಿನ ಖಾತೆ ತೆರೆದರು!

ಇವತ್ತು ಹೇಳಹೊರಟಿರುವುದು ಆ ಖಾತೆಯಲ್ಲಿ ಒಂದೇ ವರ್ಷ 56 ತಪ್ಪು ಜಮಾ ಮಾಡಿದ ಹುಡುಗನ ಕತೆ. ಹೆಸರು ಡೆರೆಕ್ ಜೀಟರ್. ಆಮೇಲೆ ಅವನು ಏನಾದ ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಗೊತ್ತಿದ್ದರೂ ಸ್ವಲ್ಪ ಹೊತ್ತು ಮರೆತುಬಿಡಿ. 1993ರಲ್ಲಿ ಅವನನ್ನು ನೋಡುತ್ತಿದ್ದವರಿಗೆ ಅದು ಗೊತ್ತಿರಲಿಲ್ಲವಲ್ಲ!

ಮೊದಲು ಶಾರ್ಟ್‌ಸ್ಟಾಪ್ ಅಂದರೆ ಏನು ಅಂತ ಎರಡು ಮಾತು. ಬೇಸ್‌ಬಾಲ್ ಮೈದಾನದ ಎರಡನೇ ಬೇಸ್ ಮತ್ತು ಮೂರನೇ ಬೇಸ್ ನಡುವಿನ ಜಾಗ ಕಾಯುವವನೇ ಶಾರ್ಟ್‌ಸ್ಟಾಪ್. ಬಲಗೈ ಬ್ಯಾಟುಗಾರರು ಎಳೆದು ಹೊಡೆದ ಚೆಂಡು ಹೆಚ್ಚಾಗಿ ಉರುಳಿ ಬರುವುದು ಆ ಕಡೆಗೇ. ಬ್ಯಾಟುಗಾರ 90 ಅಡಿ ಓಡಿ ಮೊದಲನೇ ಬೇಸ್ ತಲುಪುವುದಕ್ಕೆ ನಾಲ್ಕು ಸೆಕೆಂಡಿನ ಆಸುಪಾಸು ಸಾಕು. ಅಷ್ಟರಲ್ಲಿ ಶಾರ್ಟ್‌ಸ್ಟಾಪ್ ಓಡಬೇಕು, ಬಗ್ಗಬೇಕು, ಕುಪ್ಪಳಿಸುವ ಚೆಂಡನ್ನು ಗ್ಲವ್‌ಗೆ ತೆಗೆದುಕೊಳ್ಳಬೇಕು, ಬಲಗೈಗೆ ದಾಟಿಸಬೇಕು, ಮೈದಾನದ ಆ ಬದಿಗೆ ಗುರಿ ನೋಡಿ ಎಸೆಯಬೇಕು. ಇಷ್ಟರಲ್ಲಿ ಯಾವುದೊಂದು ಚೂರು ತಪ್ಪಿದರೂ ಸ್ಕೋರ್‌ಬೋರ್ಡಿನ ಇ ಕೆಳಗಿನ ಅಂಕಿ ಒಂದು ಮೇಲೇರುತ್ತದೆ. ಅದಕ್ಕೇ ಫೀಲ್ಡಿಂಗಿನಲ್ಲಿ ಅತಿ ಕಷ್ಟದ ಜಾಗಗಳಲ್ಲಿ ಇದೂ ಒಂದು ಅನ್ನುತ್ತಾರೆ.

ಜೀಟರ್ ಮಿಶಿಗನ್ ರಾಜ್ಯದ ಕಲಮಜೂ ಊರಿನ ಹುಡುಗ. 1992ರ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ಸರದಿಯಂತೆ ಎಳೆಯ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಕಾರ್ಯಕ್ರಮದಲ್ಲಿ, ಐದು ತಂಡಗಳು ಬೇರೆಯವರನ್ನು ಆರಿಸಿದ ಮೇಲೆ ಆರನೇ ಸರದಿಯಲ್ಲಿ ನ್ಯೂಯಾರ್ಕ್ ಯಾಂಕೀಸ್ ಅವನನ್ನು ತೆಗೆದುಕೊಂಡಿತು. ಹೈಸ್ಕೂಲು ಆಗಷ್ಟೇ ಮುಗಿದಿತ್ತು. ಸಹಿ ಹಾಕಿದ್ದಕ್ಕೆ ಕೊಟ್ಟ ಹಣ 8 ಲಕ್ಷ ಡಾಲರ್. ಅಷ್ಟು ದುಡ್ಡು ಪಡೆದ ಹುಡುಗ ಮೊದಲ ಬೇಸಿಗೆಯಲ್ಲಿ ಫ್ಲಾರಿಡಾದ ಕಿರಿಯರ ಲೀಗಿನಲ್ಲಿ ಮಾಡಿದ ಬ್ಯಾಟಿಂಗ್ ಸರಾಸರಿ .202. ಹತ್ತು ಸಲ ಬ್ಯಾಟ್ ಹಿಡಿದರೆ ಎರಡು ಸಲ ಮಾತ್ರ ಹಿಟ್ ಅಂತ ಲೆಕ್ಕ. ರಾತ್ರಿ ಕೋಣೆಯಲ್ಲಿ ಅಳುತ್ತಿದ್ದೆ, ಮನೆಗೆ ಫೋನ್ ಮಾಡಿ ಮಾಡಿ ನೂರಾರು ಡಾಲರ್ ಬಿಲ್ ಬರುತ್ತಿತ್ತು ಅಂತ ಆಮೇಲೆ ಅವನೇ ಹೇಳಿಕೊಂಡಿದ್ದಾನೆ.

ಮರುವರ್ಷ, 1993ರಲ್ಲಿ, ಅವನನ್ನು ನಾರ್ತ್ ಕೆರೊಲಿನಾದ ಗ್ರೀನ್ಸ್‌ಬರೋ ತಂಡದಲ್ಲಿ ಆಡಿಸಿದರು. ಮೈನರ್ ಲೀಗಿನ ಕೆಳಗಿನ ಮೆಟ್ಟಿಲು ಅದು. ಈ ಸಲ ಬ್ಯಾಟು ಮಾತಾಡಿತು, ಸರಾಸರಿ .295. ಆದರೆ ಫೀಲ್ಡಿಂಗ್? 126 ಪಂದ್ಯದಲ್ಲಿ 56 ಎರರ್. ಅಂದರೆ ಒಂಬತ್ತು ಪಂದ್ಯಕ್ಕೆ ನಾಲ್ಕು. ಎಸೆದರೆ ಮೊದಲನೇ ಬೇಸಿನವನ ತಲೆ ಮೇಲೆ ಹೋಗುವುದು, ಇಲ್ಲಾ ಕಾಲ ಬುಡದಲ್ಲಿ ಕುಪ್ಪಳಿಸುವುದು. ಒಂದು ದಿನವಾದರೆ ಸರಿ. ಏಪ್ರಿಲ್‌ನಿಂದ ಬೇಸಿಗೆ ಮುಗಿಯುವ ತನಕ ಹೆಚ್ಚುಕಡಿಮೆ ದಿನಾ ಆಟ. ನಿನ್ನೆ ತಪ್ಪು ಮಾಡಿದ ಜಾಗದಲ್ಲೇ ಇವತ್ತು ಹೋಗಿ ನಿಲ್ಲಬೇಕು. 19 ತುಂಬಿದ ಹುಡುಗನ ಮನಸ್ಸಲ್ಲಿ ಏನಾಗಿರಬಹುದು, ನೀವೇ ಊಹಿಸಿ.

ಇವನು ಶಾರ್ಟ್‌ಸ್ಟಾಪ್ ಆಗಿ ಉಳಿಯುವುದು ಕಷ್ಟ, ಸೆಂಟರ್ ಫೀಲ್ಡಿಗೆ ಕಳಿಸೋಣ ಅನ್ನುವ ಮಾತು ಯಾಂಕೀಸ್ ಒಳಗೆ ಬಂತು. ಹಾಗೆ ಹೇಳಿದವರನ್ನು ಮೂರ್ಖರು ಅನ್ನುವ ಹಾಗಿಲ್ಲ. ಯಾಕೆಂದರೆ ಅವರ ಮುಂದೆ ಒಂದು ಹಳೆಯ ಉದಾಹರಣೆ ಇತ್ತು.

ಮಿಕಿ ಮ್ಯಾಂಟಲ್. 1950ರಲ್ಲಿ ಮಿಸೌರಿಯ ಜಾಪ್ಲಿನ್ ಊರಿನಲ್ಲಿ ಯಾಂಕೀಸ್‌ನ ಕಿರಿಯರ ತಂಡಕ್ಕೆ ಆಡುತ್ತಿದ್ದ ಶಾರ್ಟ್‌ಸ್ಟಾಪ್. ವಯಸ್ಸು 18. ಸರಾಸರಿ .383! ಎರರ್ 55! ಆಗ ದೊಡ್ಡ ತಂಡದ ಶಾರ್ಟ್‌ಸ್ಟಾಪ್ ಫಿಲ್ ರಿಜುಟೊ, ಅದೇ ವರ್ಷ ಅಮೆರಿಕನ್ ಲೀಗಿನ ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದವನು. ಅವನ ಜಾಗ ಖಾಲಿಯಿರಲಿಲ್ಲ, ಹುಡುಗನ ಕೈಯೂ ಪಳಗಿರಲಿಲ್ಲ. 1951ರಲ್ಲಿ ಮ್ಯಾಂಟಲ್‌ನನ್ನು ಔಟ್‌ಫೀಲ್ಡಿಗೆ ಕಳಿಸಿದರು. ಹಳೆಯ ಔಟ್‌ಫೀಲ್ಡರ್ ಟಾಮಿ ಹೆನ್ರಿಕ್ ಅಲ್ಲಿನ ಆಟ ಕಲಿಸಿಕೊಟ್ಟರು. ಜೋ ಡಿಮ್ಯಾಜಿಯೊ ನಿವೃತ್ತಿಯಾದ ಮೇಲೆ 1952ರಲ್ಲಿ ಸೆಂಟರ್ ಫೀಲ್ಡ್ ಮ್ಯಾಂಟಲ್‌ನದ್ದೇ ಆಯಿತು, 1962ರಲ್ಲಿ ಫೀಲ್ಡಿಂಗಿಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿಯೂ ಸಿಕ್ಕಿತು. ಜಾಗ ಬದಲಿಸಿದ್ದರಿಂದ ಅವನ ಬಾಳು ಹಸನಾಯಿತು. ಅದೂ ಒಂದು ಬಗೆಯ ತಾಳ್ಮೆಯೇ.

ಹಾಗಾದರೆ ಜೀಟರ್‌ನನ್ನು ಯಾಕೆ ಕದಲಿಸಲಿಲ್ಲ?

ಉತ್ತರದ ಒಂದು ತುಣುಕು ಅದೇ 1993ರಲ್ಲಿದೆ. ಆ ವರ್ಷ ಬೇಸ್‌ಬಾಲ್ ಅಮೆರಿಕಾ ಪತ್ರಿಕೆ ಜೀಟರ್ ಆಡುತ್ತಿದ್ದ ಲೀಗಿನ ಮ್ಯಾನೇಜರುಗಳ ಅಭಿಪ್ರಾಯ ಕೇಳಿತ್ತು. ಲೀಗಿನಲ್ಲಿ ಫೀಲ್ಡಿಂಗಿಗೆ ಅತ್ಯುತ್ತಮ ಶಾರ್ಟ್‌ಸ್ಟಾಪ್ ಯಾರು? ಡೆರೆಕ್ ಜೀಟರ್. ಮೊದಲ ಸಲ ಇದನ್ನು ಓದಿದಾಗ ಅಚ್ಚಿನ ತಪ್ಪಿರಬೇಕು ಅಂದುಕೊಂಡೆ. 56 ಎರರ್ ಮಾಡಿದವನು ಅತ್ಯುತ್ತಮನಾ?

ಸ್ವಲ್ಪ ಯೋಚಿಸಿದರೆ ಅರ್ಥ ಆಗುತ್ತೆ. ಎರರ್ ಕೊಡುವುದು ಅಧಿಕೃತ ಸ್ಕೋರರ್. ಸಾಧಾರಣ ಪ್ರಯತ್ನಕ್ಕೆ ಸಿಗಬೇಕಾಗಿದ್ದ ಔಟ್ ಕೈತಪ್ಪಿದರೆ ಎರರ್. ಚೆಂಡಿನ ಹತ್ತಿರಕ್ಕೇ ಹೋಗದೆ ನಿಂತವನಿಗೆ ಎರರ್ ಇಲ್ಲ, ಅದು ಬ್ಯಾಟುಗಾರನ ಹಿಟ್ ಆಗಿಬಿಡುತ್ತದೆ. ನಾಲ್ಕು ಹೆಜ್ಜೆ ಹೆಚ್ಚಿಗೆ ಓಡಿ, ಗ್ಲವ್ ಚಾಚಿ ಹಿಡಿದು, ಅವಸರದಲ್ಲಿ ಎಸೆದು ಗುರಿ ತಪ್ಪಿದವನಿಗೆ ಎರರ್ ಬೀಳಬಹುದು. ನಮ್ಮ ಕ್ಲಾಸಿನಲ್ಲೂ ಹಾಗೇ ಇತ್ತಲ್ಲ, ಕೈ ಎತ್ತಿ ತಪ್ಪು ಉತ್ತರ ಹೇಳಿದವನಿಗೆ ಏಟು, ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತವನು ಬಚಾವ್! ಎದುರಾಳಿ ಮ್ಯಾನೇಜರುಗಳು ಅಂಕಿ ನೋಡಿ ಮತ ಹಾಕಲಿಲ್ಲ, ಹುಡುಗನನ್ನು ನೋಡಿ ಹಾಕಿದರು. ಅವನ ಎತ್ತರ, ಕಾಲು, ತೋಳಿನ ಬಲ ಎಲ್ಲ ಅವರ ಕಣ್ಣಿಗೆ ಬಿದ್ದಿತ್ತು. ಅದೇ ಸಮೀಕ್ಷೆಯಲ್ಲಿ ಒಳಮೈದಾನದ ಆಟಗಾರರ ಪೈಕಿ ಅತ್ಯುತ್ತಮ ತೋಳು ಅಂತಲೂ ಅವನನ್ನೇ ಆರಿಸಿದ್ದರು. ತೋಳು ಇತ್ತು, ಅದನ್ನು ಪಳಗಿಸಬೇಕಿತ್ತು ಅಷ್ಟೆ.

ಪಳಗಿಸಿದ್ದು ಬ್ರಯನ್ ಬಟರ್‌ಫೀಲ್ಡ್ ಅನ್ನುವ ಕೋಚ್. 1993ರ ಶರತ್ಕಾಲದಲ್ಲಿ ಲೀಗು ಮುಗಿದ ಮೇಲೆ ಫ್ಲಾರಿಡಾದ ಟ್ಯಾಂಪಾದಲ್ಲಿ ಎಳೆಯರಿಗೆ ತರಬೇತಿ ಶಿಬಿರ. ಜೀಟರ್‌ನ ಕೈಗೆ ಚೆಂಡು ತಗುಲಿ ಪೆಟ್ಟಾಗಿದ್ದರಿಂದ ಬ್ಯಾಟ್ ಹಿಡಿಯುವಂತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮನೆಗೆ ಹೋಗಿ ಸುಧಾರಿಸಿಕೋ ಅನ್ನುತ್ತಿದ್ದರೇನೋ. ಇಲ್ಲಿ ಅದನ್ನೇ ಅನುಕೂಲ ಮಾಡಿಕೊಂಡರು. ಸುಮಾರು ಐದು ವಾರ ಬರೀ ಫೀಲ್ಡಿಂಗ್. ಉರುಳಿ ಬರುವ ಚೆಂಡಿಗೆ ಗ್ಲವ್ ಹೇಗಿಡಬೇಕು, ಕಾಲು ಎಲ್ಲಿರಬೇಕು, ಹಿಡಿದದ್ದು ಎಸೆತವಾಗುವ ಮೊದಲು ಮೈ ಹೇಗೆ ತಿರುಗಬೇಕು, ಮತ್ತೆ ಮತ್ತೆ ಅದೇ. ಬ್ಯಾಟಿಂಗ್ ಚಿಂತೆಯಿಲ್ಲ, ಸ್ಕೋರ್‌ಬೋರ್ಡ್ ಇಲ್ಲ, ತಪ್ಪಿದರೆ ಇನ್ನೊಂದು ಚೆಂಡು.

ನನಗೆ ಈ ಕತೆಯಲ್ಲಿ ಬಹಳ ಹಿಡಿಸಿದ್ದು ಈ ಐದು ವಾರ. ತಾಳ್ಮೆ ಅಂದರೆ ಕೈಕಟ್ಟಿ ಕಾಯುವುದು ಅಂತ ನಾವು ತಿಳಿದಿರುತ್ತೇವೆ. "ಇರಲಿ ಬಿಡಿ, ಚಿಕ್ಕವನು, ದೊಡ್ಡವನಾದ ಮೇಲೆ ತಾನೇ ಸರಿಹೋಗ್ತಾನೆ" ಅಂತ ಹೇಳಿ ನಮ್ಮ ಕೆಲಸಕ್ಕೆ ಹೋಗುತ್ತೇವೆ. ಬಟರ್‌ಫೀಲ್ಡ್ ಹಾಗೆ ಮಾಡಲಿಲ್ಲ. ಹುಡುಗ ಕಲಿಯುವ ಅಷ್ಟು ದಿನವೂ ಅವನ ಪಕ್ಕದಲ್ಲೇ ನಿಂತರು.

1994ರಲ್ಲಿ ಜೀಟರ್ ಒಂದೇ ವರ್ಷದಲ್ಲಿ ಮೂರು ಮೆಟ್ಟಿಲು ಹತ್ತಿದ. ಟ್ಯಾಂಪಾ, ಆಲ್ಬನಿ, ಕೊಲಂಬಸ್. ಸರಾಸರಿ .344. ಎರರ್ 56ರಿಂದ 25ಕ್ಕೆ ಇಳಿಯಿತು. ಬೇಸ್‌ಬಾಲ್ ಅಮೆರಿಕಾ ಅವನನ್ನು ಮೈನರ್ ಲೀಗುಗಳ ವರ್ಷದ ಆಟಗಾರ ಅಂತ ಕರೆಯಿತು.

ಇಲ್ಲಿಗೆ "ಶುಭಂ" ಅಂತ ಬರೆದು ಮುಗಿಸಬಹುದಿತ್ತು. ಆದರೆ ಇದು ಯಾಂಕೀಸ್ ಕತೆ. ಅಲ್ಲೊಬ್ಬರು ಮಾಲೀಕರಿದ್ದರು, ಜಾರ್ಜ್ ಸ್ಟೈನ್‌ಬ್ರೆನರ್. ತಾಳ್ಮೆಗೂ ಅವರಿಗೂ ಎಣ್ಣೆ ಸೀಗೇಕಾಯಿ.

ಅವರ ಬಗ್ಗೆ ಹೇಳುವಾಗ ಬಾಬಿ ಮೀಚಮ್ ಹೆಸರು ಹೇಳದಿದ್ದರೆ ತಪ್ಪಾಗುತ್ತೆ. 1984ರ ಏಪ್ರಿಲ್. ಮೀಚಮ್ ಯಾಂಕೀಸ್‌ನ 23 ವರ್ಷದ ಶಾರ್ಟ್‌ಸ್ಟಾಪ್. ಋತುವಿನ ನಾಲ್ಕನೇ ಪಂದ್ಯ, ಟೆಕ್ಸಸ್ ವಿರುದ್ಧ. ಒಂದು ಎರರ್ ಆಯಿತು, ತಂಡ ಸೋತಿತು. ಸ್ಟೈನ್‌ಬ್ರೆನರ್ ಅವನನ್ನು ಕೆಳಗಿನ ಲೀಗಿಗೆ ಅಟ್ಟಿದರು. ಅದೂ ಒಂದು ಮೆಟ್ಟಿಲಲ್ಲ, ಎರಡು ಮೆಟ್ಟಿಲು ಕೆಳಗೆ, ನ್ಯಾಶ್‌ವಿಲ್‌ಗೆ. ಒಂದು ತಪ್ಪಿಗೆ! ಆಮೇಲೆ ಅವನು ಅದೇ ವರ್ಷ ಮೇಲೆ ಬಂದ, 1985ರಲ್ಲಿ 156 ಪಂದ್ಯ ಆಡಿದ. ಆದರೆ ಇನ್ನೊಂದು ತಪ್ಪಾದರೆ ಮತ್ತೆ ಗಂಟುಮೂಟೆ ಕಟ್ಟಬೇಕು ಅಂತ ಗೊತ್ತಿರುವವನ ಕೈ ಎಷ್ಟು ಸಡಿಲವಾಗಿ ಇರಬಲ್ಲದು? 1988ರ ನಂತರ ಅವನು ದೊಡ್ಡ ಲೀಗಿನಲ್ಲಿ ಆಡಲಿಲ್ಲ.

ಜೀಟರ್‌ನ ಅದೃಷ್ಟ ನೋಡಿ. 1990ರ ಜುಲೈಯಲ್ಲಿ ಬೇಸ್‌ಬಾಲ್ ಆಯುಕ್ತರು ಸ್ಟೈನ್‌ಬ್ರೆನರ್ ಅವರನ್ನು ತಂಡದ ಆಡಳಿತದಿಂದ ಹೊರಗಿಟ್ಟರು. ಒಬ್ಬ ಜೂಜುಕೋರನಿಗೆ ಹಣ ಕೊಟ್ಟು ತಮ್ಮದೇ ತಂಡದ ಆಟಗಾರನೊಬ್ಬನ ವಿರುದ್ಧ ಮಾಹಿತಿ ಕಲೆಹಾಕಿದ್ದರು ಅನ್ನುವುದು ಕಾರಣ. ಅವರು ಮರಳಿ ಬಂದಿದ್ದು 1993ರ ಮಾರ್ಚಿನಲ್ಲಿ. ಆ ನಡುವೆ ತಂಡ ಕಟ್ಟಿದ್ದು ಜೀನ್ ಮೈಕಲ್. ಆತ ಕೂಡ ಒಂದು ಕಾಲಕ್ಕೆ ಯಾಂಕೀಸ್ ಶಾರ್ಟ್‌ಸ್ಟಾಪ್! ಎಳೆಯರನ್ನು ಮಾರಿ ಹೆಸರುವಾಸಿ ಆಟಗಾರರನ್ನು ಕೊಳ್ಳುವ ಹಳೆಯ ಚಾಳಿ ಆ ವರ್ಷಗಳಲ್ಲಿ ಕಡಿಮೆಯಾಯಿತು. ಬರ್ನಿ ವಿಲಿಯಮ್ಸ್, ಆಂಡಿ ಪೆಟಿಟ್, ಹೊರ್ಹೆ ಪೊಸಾಡಾ, ಮರಿಯಾನೊ ರಿವೆರಾ ಎಲ್ಲರೂ ಒಳಗೇ ಉಳಿದು ಬೆಳೆದರು. ಜೀಟರ್ ಆಯ್ಕೆಯಾಗಿದ್ದೂ ಆ ಗ್ಯಾಪಿನಲ್ಲೇ.

ಆದರೂ 1996ರ ವಸಂತದಲ್ಲಿ ಒಂದು ಗಂಡಾಂತರ ಬಂತು. ಹೊಸ ಮ್ಯಾನೇಜರ್ ಜೋ ಟಾರಿ ಜೀಟರ್‌ನನ್ನೇ ಶಾರ್ಟ್‌ಸ್ಟಾಪ್ ಮಾಡುವುದು ಅಂತ ಯೋಜನೆ. ಆಪತ್ತಿಗೆ ಇರಲಿ ಅಂತ ಇಟ್ಟುಕೊಂಡಿದ್ದ ಅನುಭವಿ ಟೋನಿ ಫರ್ನಾಂಡೆಜ್ ಗಾಯಗೊಂಡ. ಸ್ಟೈನ್‌ಬ್ರೆನರ್ ಅವರ ಸಲಹೆಗಾರ ಕ್ಲೈಡ್ ಕಿಂಗ್ ಎರಡು ದಿನ ಹುಡುಗನ ಆಟ ನೋಡಿ, ಇವನಿನ್ನೂ ತಯಾರಾಗಿಲ್ಲ ಅಂದುಬಿಟ್ಟರು. ಸಿಯಾಟಲ್ ತಂಡದಿಂದ ಫೆಲಿಕ್ಸ್ ಫರ್ಮಿನ್ ಅನ್ನುವ ಶಾರ್ಟ್‌ಸ್ಟಾಪ್‌ನನ್ನು ತರುವ ಮಾತು ಶುರುವಾಯಿತು. ಬದಲಿಗೆ ಕೊಡಬೇಕಾಗಿದ್ದ ಹೆಸರುಗಳಲ್ಲಿ ಒಂದು ಮರಿಯಾನೊ ರಿವೆರಾ! ತಂಡದ ಉಳಿದ ಅಧಿಕಾರಿಗಳು ಮಾಲೀಕರನ್ನು ಹೇಗೋ ಒಪ್ಪಿಸಿ ಅದನ್ನು ತಪ್ಪಿಸಿದರು. ರಿವೆರಾ ಮುಂದೆ 652 ಸೇವ್ ಮಾಡಿ, 2019ರಲ್ಲಿ ಒಂದೂ ಮತ ತಪ್ಪದೆ ಹಾಲ್ ಆಫ್ ಫೇಮ್ ಸೇರಿದ ಮೊದಲ ಆಟಗಾರನಾದ. ಒಬ್ಬ ಹುಡುಗನ ಮೇಲೆ ತಾಳ್ಮೆ ಕಳೆದುಕೊಂಡಿದ್ದರೆ ಇಬ್ಬರನ್ನು ಕಳೆದುಕೊಳ್ಳುತ್ತಿದ್ದರು.

ಏಪ್ರಿಲ್ 2, 1996. ಕ್ಲೀವ್‌ಲ್ಯಾಂಡಿನಲ್ಲಿ ಋತುವಿನ ಮೊದಲ ಪಂದ್ಯ. ಜೀಟರ್ ಒಂದು ಹೋಮ್ ರನ್ ಹೊಡೆದ. ಅದಕ್ಕಿಂತ ಮುಖ್ಯ, ಒಮರ್ ವಿಸ್ಕೆಲ್ ಎತ್ತಿ ಹೊಡೆದ ಚೆಂಡನ್ನು ಬ್ಯಾಟುಗಾರನಿಗೆ ಬೆನ್ನು ಹಾಕಿ ಔಟ್‌ಫೀಲ್ಡಿನ ಕಡೆಗೆ ಓಡಿ, ಭುಜದ ಮೇಲಿಂದ ಹಿಡಿದ. ಆ ವರ್ಷವೂ 22 ಎರರ್ ಮಾಡಿದ. ಯಾರೂ ಅವನನ್ನು ನ್ಯಾಶ್‌ವಿಲ್‌ಗೆ ಅಟ್ಟಲಿಲ್ಲ. ವರ್ಷದ ಹೊಸ ಆಟಗಾರ ಪ್ರಶಸ್ತಿ ಅವನಿಗೆ ಸರ್ವಾನುಮತದಿಂದ ಬಂತು, 18 ವರ್ಷದ ನಂತರ ಯಾಂಕೀಸ್ ವರ್ಲ್ಡ್ ಸೀರೀಸ್ ಗೆದ್ದಿತು. ಮುಂದಿನದೆಲ್ಲ ಗೊತ್ತಿರುವುದೇ. ಒಟ್ಟು ಐದು ವರ್ಲ್ಡ್ ಸೀರೀಸ್, 3465 ಹಿಟ್, ಐದು ಗೋಲ್ಡ್ ಗ್ಲವ್. 2014ರಲ್ಲಿ ನಿವೃತ್ತಿ. 2020ರಲ್ಲಿ 397 ಮತಗಳಲ್ಲಿ 396 ಪಡೆದು ಹಾಲ್ ಆಫ್ ಫೇಮ್. ಫೀಲ್ಡಿಂಗ್ ಮಾಡಿದ 2674 ಪಂದ್ಯಗಳಲ್ಲೂ ನಿಂತಿದ್ದು ಒಂದೇ ಜಾಗದಲ್ಲಿ, ಶಾರ್ಟ್‌ಸ್ಟಾಪ್. 1993ರಲ್ಲಿ ಎಲ್ಲಿಂದ ಎಬ್ಬಿಸಬೇಕು ಅಂದಿದ್ದರೋ ಅಲ್ಲಿಂದ ಕೊನೆಯವರೆಗೂ ಏಳಲಿಲ್ಲ!

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಲೇಬೇಕು. ಈ ಕತೆಯನ್ನು "ತಾಳ್ಮೆ ಇಟ್ಟರು, ಹುಡುಗ ಮಹಾನ್ ಫೀಲ್ಡರ್ ಆದ" ಅಂತ ಮುಗಿಸಿದರೆ ಅದು ಪೂರ್ತಿ ನಿಜವಲ್ಲ. 2000ದ ದಶಕದಲ್ಲಿ ಪ್ರತಿ ಚೆಂಡನ್ನೂ ವಿಡಿಯೋ ನೋಡಿ ಲೆಕ್ಕ ಹಾಕುವ ಹೊಸ ವಿಧಾನಗಳು ಬಂದವು. ಎಷ್ಟು ತಪ್ಪು ಮಾಡಿದ ಅನ್ನುವುದರ ಬದಲು, ಬೇರೆ ಶಾರ್ಟ್‌ಸ್ಟಾಪ್‌ಗಳು ತಲುಪುತ್ತಿದ್ದ ಚೆಂಡುಗಳಲ್ಲಿ ಇವನು ಎಷ್ಟನ್ನು ತಲುಪಿದ ಅಂತ ಅವು ಕೇಳಿದವು. ಉತ್ತರ ಜೀಟರ್‌ಗೆ ಹಿತವಾಗಿರಲಿಲ್ಲ, ಸರಾಸರಿಗಿಂತ ಕೆಳಗೆ. 2004ರಲ್ಲಿ ಅಲೆಕ್ಸ್ ರಾಡ್ರಿಗಸ್ ಯಾಂಕೀಸ್‌ಗೆ ಬಂದಾಗ, ಅವನೇ ಉತ್ತಮ ಶಾರ್ಟ್‌ಸ್ಟಾಪ್ ಅಂತ ಬಹಳ ಜನ ಹೇಳುತ್ತಿದ್ದರೂ ಮೂರನೇ ಬೇಸಿಗೆ ಹೋದವನು ರಾಡ್ರಿಗಸ್. 2010ರಲ್ಲಿ ಜೀಟರ್ ಇಡೀ ಋತುವಿನಲ್ಲಿ ಮಾಡಿದ್ದು ಬರೀ 6 ಎರರ್, ಗೋಲ್ಡ್ ಗ್ಲವ್ ಬಂತು. ಲೆಕ್ಕ ಬಲ್ಲವರು ನಕ್ಕರು. 36 ವರ್ಷದ ಕಾಲು ಚೆಂಡಿನ ಹತ್ತಿರ ಹೋಗುತ್ತಿರಲಿಲ್ಲ, ಹೋಗದಿದ್ದರೆ ಎರರ್ ಎಲ್ಲಿಂದ ಬರಬೇಕು?

ವಿಪರ್ಯಾಸ ನೋಡಿ. 56 ತಪ್ಪು ಮಾಡಿದ ವರ್ಷ ನೋಡಿದವರು ಅತ್ಯುತ್ತಮ ಅಂದರು. 6 ತಪ್ಪು ಮಾಡಿದ ವರ್ಷ ಲೆಕ್ಕ ಹಾಕಿದವರು ಸಾಲದು ಅಂದರು. ಬಹುಶಃ ಎರಡೂ ನಿಜ. ಎರಡು ಸಲವೂ ಎಡವಿದ್ದು ಸ್ಕೋರ್‌ಬೋರ್ಡಿನ ಆ ಇ ಅಕ್ಷರವೇ.

ಹಾಗಾದರೆ ತಾಳ್ಮೆಯಿಂದ ಸಿಕ್ಕಿದ್ದೇನು? ಐದು ವಾರದ ಕಲಿಕೆ ಜೀಟರ್‌ನನ್ನು ಜಗತ್ತಿನ ಶ್ರೇಷ್ಠ ಫೀಲ್ಡರ್ ಮಾಡಲಿಲ್ಲ. ತನ್ನ ಜಾಗದಲ್ಲಿ ಹೆದರದೆ ನಿಲ್ಲಬಲ್ಲವನನ್ನಾಗಿ ಮಾಡಿತು. ಉಳಿದದ್ದನ್ನು ಬ್ಯಾಟು ಮಾಡಿತು, ಒತ್ತಡದಲ್ಲಿ ತಣ್ಣಗಿರುವ ಅವನ ಸ್ವಭಾವ ಮಾಡಿತು. 2001ರ ಅಕ್ಟೋಬರಿನಲ್ಲಿ ಓಕ್ಲೆಂಡ್ ವಿರುದ್ಧ 1-0 ಮುಂದಿದ್ದಾಗ, ಯಾರೂ ನಿರೀಕ್ಷಿಸದ ಜಾಗಕ್ಕೆ ಓಡಿ ಬಂದು, ದಾರಿತಪ್ಪಿದ ಎಸೆತವನ್ನು ಹಿಡಿದು, ಪಕ್ಕಕ್ಕೆ ಚಿಮ್ಮಿಸಿ ಜೆರೆಮಿ ಜಿಯಾಂಬಿಯನ್ನು ಔಟ್ ಮಾಡಿಸಿದನಲ್ಲ, ತಪ್ಪಿಗೆ ಹೆದರುವವನು ಅಲ್ಲಿಗೆ ಓಡಿ ಬರುವುದೇ ಇಲ್ಲ.

ನನ್ನನ್ನು ಈಗಲೂ ಕಾಡುವ ಪ್ರಶ್ನೆ ಬೇರೆ. ಜೀಟರ್ ಆರನೇ ಆಯ್ಕೆ, ಅವನ ಮೇಲೆ 8 ಲಕ್ಷ ಡಾಲರ್ ಹೂಡಿದ್ದರು. ಹೂಡಿದವರಿಗೆ ತಾಳ್ಮೆ ತಾನಾಗಿ ಬರುತ್ತದೆ. ಅವನಷ್ಟೇ ತಪ್ಪು ಮಾಡಿದ, ಕೆಳಗಿನ ಸುತ್ತಿನಲ್ಲಿ ಆಯ್ಕೆಯಾದ ಎಷ್ಟೋ ಹುಡುಗರು ಬಸ್ಸು ಹತ್ತಿ ಊರಿಗೆ ಹೋಗಿರುತ್ತಾರೆ. ಅವರ ಕತೆ ನಮಗೆ ಸಿಗುವುದಿಲ್ಲ. ಗೆದ್ದವನ ತಪ್ಪುಗಳು ಕತೆಯಾಗುತ್ತವೆ, ಸೋತವನ ತಪ್ಪುಗಳು ಬರೀ ಅಂಕಿಯಾಗಿ ಉಳಿಯುತ್ತವೆ.

ಬಾಬಿ ಮೀಚಮ್ ಮಾತ್ರ ಕತೆಗೆ ಇನ್ನೊಂದು ಸಲ ಬರುತ್ತಾನೆ. ಆಟ ಬಿಟ್ಟ ಮೇಲೆ ಅವನು ಕೋಚ್ ಆದ. 2008ರಲ್ಲಿ ಯಾಂಕೀಸ್ ಅವನನ್ನು ತನ್ನ ಕೋಚ್‌ಗಳಲ್ಲಿ ಒಬ್ಬನಾಗಿ ಕರೆಸಿಕೊಂಡಿತು. ಆಗ ತಂಡದ ಶಾರ್ಟ್‌ಸ್ಟಾಪ್ ಯಾರು? ಜೀಟರ್. ಒಂದು ತಪ್ಪಿಗೆ ಕೆಳಗೆ ಅಟ್ಟಿಸಿಕೊಂಡವನೂ, ಐವತ್ತಾರು ತಪ್ಪು ಮಾಡಿಯೂ ಉಳಿದವನೂ ಒಂದೇ ಬಟ್ಟೆ ತೊಟ್ಟು ಒಂದೇ ಮೈದಾನಕ್ಕೆ ಇಳಿದರು. ಅವರಿಬ್ಬರೂ ಆ ಬಗ್ಗೆ ಏನಾದರೂ ಮಾತಾಡಿಕೊಂಡರಾ? ಆ ಡಗ್‌ಔಟಿನಲ್ಲಿ ಒಂದು ಮೂಲೆಯಲ್ಲಿ ಕೂತು ಕೇಳಿಸಿಕೊಳ್ಳುವ ಆಸೆ ನನಗೆ.

ನಿಮಗೂ ಇಂಥ ಐದು ವಾರ ಕೊಟ್ಟ ಮೇಷ್ಟ್ರೋ, ಅಕ್ಕನೋ, ಬಾಸೋ ಇದ್ದಿರಬಹುದು. ಇದ್ದರೆ ಬರೆಯಿರಿ, ಓದೋಣ.